ಸಂಶೋಧಕ ಶಿಕ್ಷಕರ ಭಾವಪ್ರತಿಕ್ರಿಯೆಗಳು: ಗಡಿನಾಡಿನ ಕನ್ನಡ ಮನೆಗಳ ಗುಣಾತ್ಮಕ ಅಧ್ಯಯನ

ಪಾಠದ ಉದ್ದೇಶಗಳು

ಈ ಪಾಠದ ಅಧ್ಯಯನದ ನಂತರ ಶಿಕ್ಷಕರು
• ಗುಣಾತ್ಮಕ ಸಂಶೋಧನೆಯಲ್ಲಿ ಸಂಶೋಧಕರ ಭಾವನೆಗಳಿಗಿರುವ ಸ್ಥಾನವನ್ನು ವಿವರಿಸುವರು;
• ಪಾಲಕರನ್ನೂ ಮಕ್ಕಳನ್ನೂ ಸಂದರ್ಶಿಸುವಾಗ ತಮ್ಮಲ್ಲಿ ಮೂಡುವ ಭಾವಗಳನ್ನು ಗುರುತಿಸಿ ಹೆಸರಿಸುವರು;
• ಆ ಭಾವಗಳು ವರದಿಯ ಪದಗಳಲ್ಲಿ ಅವಿತುಕೊಳ್ಳುವ ಬಗೆಯನ್ನು ಪತ್ತೆಹಚ್ಚುವರು;
• ಭಾವಗಳನ್ನು ಕ್ರಮಬದ್ಧವಾಗಿ ದಾಖಲಿಸಿ, ಅಧ್ಯಯನದ ಮುಂದಿನ ಹೆಜ್ಜೆಗೆ ಬಳಸಿಕೊಳ್ಳುವರು.

1. ಪೀಠಿಕೆ

ಕ್ರಿಯಾ ಸಂಶೋಧನೆ, ವ್ಯಕ್ತಿ ಅಧ್ಯಯನ, ಮನೆ ಭೇಟಿ, ಪಾಲಕರ ಸಂದರ್ಶನ ಇವೆಲ್ಲ ಇಂದು ಶಿಕ್ಷಕರ ವೃತ್ತಿಯ ಭಾಗಗಳಾಗಿವೆ. 2009ರ ಶಿಕ್ಷಕ ಶಿಕ್ಷಣದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಿಕ್ಷಕರನ್ನು ತಮ್ಮ ಕಾರ್ಯವನ್ನು ತಾವೇ ವಿಮರ್ಶಿಸಿಕೊಳ್ಳಬಲ್ಲ ಚಿಂತನಶೀಲ ವೃತ್ತಿನಿರತರೆಂದು ಭಾವಿಸುತ್ತದೆ. ಹೀಗಾಗಿ ಮಗುವೊಂದು ಏಕೆ ಗೈರುಹಾಜರಾಗುತ್ತದೆ, ಓದಿನಲ್ಲಿ ಏಕೆ ಹಿಂದೆ ಬೀಳುತ್ತದೆ, ಪಾಲಕರು ಏಕೆ ಮಾಧ್ಯಮವನ್ನು ಬದಲಿಸುತ್ತಾರೆ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವ ಹೊಣೆ ಶಿಕ್ಷಕರದೇ ಆಗಿದೆ.

ಪರಿಮಾಣಾತ್ಮಕ ಅಧ್ಯಯನದಲ್ಲಿ ಅಳತೆಯ ಸಾಧನವೆಂದರೆ ಪರೀಕ್ಷೆ ಅಥವಾ ಪ್ರಶ್ನಾವಳಿ. ಗುಣಾತ್ಮಕ ಅಧ್ಯಯನದಲ್ಲಿ ಸಂಶೋಧಕರೇ ಸಾಧನ. ಅವರ ಕಣ್ಣು ಕಂಡದ್ದು, ಕಿವಿ ಕೇಳಿದ್ದು ದತ್ತಾಂಶವಾಗುತ್ತದೆ. ಹಿಂದೂಪುರದ ಮಾರುಕಟ್ಟೆಯಲ್ಲಿ ಬೆಲ್ಲವನ್ನೋ ಹುಣಿಸೆಹಣ್ಣನ್ನೋ ತೂಗುವ ವರ್ತಕನು ಮೊದಲು ಬರಿಯ ತಕ್ಕಡಿ ಸಮವಾಗಿ ನಿಂತಿದೆಯೇ ಎಂದು ನೋಡಿಕೊಳ್ಳುತ್ತಾನೆ. ಸಂಶೋಧಕರೇ ತಕ್ಕಡಿಯಾದಾಗ ಅವರ ಮನಸ್ಸಿನ ಯಾವ ತಟ್ಟೆ ಮೊದಲೇ ತಗ್ಗಿದೆ ಎಂದು ನೋಡಿಕೊಳ್ಳುವುದು ಅಷ್ಟೇ ಅಗತ್ಯ.

ಸಂದರ್ಶನಕ್ಕೆ ಹೋದ ಶಿಕ್ಷಕರಿಗೆ ಎದುರಿಗಿರುವವರ ಬಗ್ಗೆ ಕನಿಕರ, ಸಿಟ್ಟು, ಮುಜುಗರ, ಮೆಚ್ಚುಗೆ, ಬೇಸರ ಹುಟ್ಟುವುದು ಸಹಜ. ಇದು ದೋಷವಲ್ಲ. ಹುಟ್ಟಿದ ಭಾವವನ್ನು ಎಲ್ಲಿಯೂ ಬರೆಯದೆ ಬಿಟ್ಟಾಗ ಅದು ವರದಿಯಲ್ಲಿ ವಿಶೇಷಣವಾಗಿ, ತೀರ್ಮಾನವಾಗಿ ಕುಳಿತುಬಿಡುತ್ತದೆ. ಮಗುವಿನ ದಾಖಲೆಯಲ್ಲಿ ಒಮ್ಮೆ ಸೇರಿದ ‘ಪಾಲಕರ ನಿರ್ಲಕ್ಷ್ಯ’ ಎಂಬ ಮಾತು ಆ ಮಗುವಿನೊಡನೆ ತರಗತಿಯಿಂದ ತರಗತಿಗೆ ನಡೆಯುತ್ತದೆ. ಆದ್ದರಿಂದ ಈ ವಿಷಯವು ಮಗುವಿನ ಹಿತಕ್ಕೆ ಸಂಬಂಧಿಸಿದ್ದು.

2. ಗಡಿನಾಡಿನ ಹಿನ್ನೆಲೆ

ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ, ರಾಯದುರ್ಗ ಭಾಗಗಳಲ್ಲಿ ಕನ್ನಡ ಮತ್ತು ತೆಲುಗು ಶತಮಾನಗಳಿಂದ ಒಂದೇ ಅಂಗಳದಲ್ಲಿ ಬೆಳೆದಿವೆ. ಮಡಕಶಿರಾ ಸೀಮೆಯ ಹೇಮಾವತಿಯು ನೊಳಂಬ ಅರಸರ ರಾಜಧಾನಿಯಾಗಿದ್ದ ಹೆಂಜೇರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಅಂದಿನ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದಲ್ಲಿ ಉಳಿದವು. ಬಳ್ಳಾರಿಯೂ ಸೇರಿದಂತೆ ಉಳಿದ ಭಾಗ ಮೈಸೂರಿಗೆ ಸೇರಿತು. 2022ರ ಏಪ್ರಿಲ್ 4ರ ಜಿಲ್ಲಾ ಮರುವಿಂಗಡಣೆಯಲ್ಲಿ ಹಿಂದೂಪುರ ಮತ್ತು ಮಡಕಶಿರಾ ಭಾಗಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು. ಕಲ್ಯಾಣದುರ್ಗ ಮತ್ತು ರಾಯದುರ್ಗ ಅನಂತಪುರ ಜಿಲ್ಲೆಯಲ್ಲಿ ಉಳಿದವು.

1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಹೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿರುವಲ್ಲೆಲ್ಲ ಕನಿಷ್ಠ 5ನೇ ತರಗತಿಯವರೆಗೆ ಮನೆಮಾತು ಅಥವಾ ಮಾತೃಭಾಷೆಯಲ್ಲಿ ಬೋಧನೆಯಿರಲಿ ಎನ್ನುತ್ತದೆ. ಆದರೆ ಕಾನೂನು ಮತ್ತು ನೀತಿ ಕೊಡುವ ಅವಕಾಶವನ್ನು ಬಳಸಿಕೊಳ್ಳುವುದೋ ಬಿಡುವುದೋ ಎಂಬ ತೀರ್ಮಾನ ಮನೆಯೊಳಗೆ ಆಗುತ್ತದೆ. ಮಳೆ ಕಡಿಮೆಯಾದ, ಕಡಲೆಕಾಯಿಯನ್ನೇ ನಂಬಿದ ಈ ಸೀಮೆಯಲ್ಲಿ ಬೆಳೆ ಕೈಗೆ ಬಾರದ ವರ್ಷ ಅನೇಕ ಕುಟುಂಬಗಳು ಬೆಂಗಳೂರಿಗೆ ಗುಳೆ ಹೋಗುತ್ತವೆ. ಪಟ್ಟಣದ ಕುಟುಂಬಗಳು ಇಂಗ್ಲಿಷ್ ಮಾಧ್ಯಮದತ್ತ ನೋಡುತ್ತವೆ. ಮಕ್ಕಳ ಸಂಖ್ಯೆ ಇಳಿದರೆ ಶಾಲೆ ಮತ್ತೊಂದರಲ್ಲಿ ವಿಲೀನವಾಗಬಹುದು, ಹುದ್ದೆ ಬೇರೆಡೆಗೆ ಹೋಗಬಹುದು.

ಆದ್ದರಿಂದ ಇಲ್ಲಿಯ ಕನ್ನಡ ಶಿಕ್ಷಕರು ಒಂದು ಮನೆಯ ಬಾಗಿಲಲ್ಲಿ ನಿಂತಾಗ ಕೇವಲ ಸಂಶೋಧಕರಾಗಿ ನಿಂತಿರುವುದಿಲ್ಲ. ಅವರು ಆ ಭಾಷೆಯವರು, ಆ ಶಾಲೆಯವರು. ಅವರ ವೃತ್ತಿಯ ಮುಂದಿನ ದಿನಗಳೂ ಆ ಮನೆಯವರ ತೀರ್ಮಾನದೊಡನೆ ಕೂಡಿಕೊಂಡಿರುತ್ತವೆ. ಇಂತಹ ಸನ್ನಿವೇಶದಲ್ಲಿ ಭಾವರಹಿತ ಸಂದರ್ಶನವನ್ನು ನಿರೀಕ್ಷಿಸುವುದು ಸಾಧ್ಯವಿಲ್ಲ. ಆ ಭಾವವನ್ನು ತಿಳಿದು ನಡೆಯುವುದು ಸಾಧ್ಯ.

3. ಭಾವಪ್ರತಿಕ್ರಿಯೆ: ಪರಿಕಲ್ಪನೆ

ಭಾವಗಳನ್ನು ವಿಂಗಡಿಸಿ ನೋಡುವ ಶಿಸ್ತು ಭಾರತೀಯ ಪರಂಪರೆಗೆ ಹೊಸದಲ್ಲ. ಭರತನ ನಾಟ್ಯಶಾಸ್ತ್ರವು 8 ಸ್ಥಾಯಿಭಾವಗಳನ್ನೂ 33 ಸಂಚಾರಿಭಾವಗಳನ್ನೂ ಹೇಳುತ್ತದೆ. ರಂಗದ ಮೇಲಿನ ಭಾವಕ್ಕಾಗಿ ರೂಪುಗೊಂಡ ಈ ವಿಂಗಡಣೆ ಕ್ಷೇತ್ರಕಾರ್ಯದಲ್ಲಿರುವ ಶಿಕ್ಷಕರಿಗೂ ಮೂರು ರೀತಿಯಲ್ಲಿ ಉಪಯುಕ್ತ.

ಒಂದು, ಶ್ರಮ, ಶಂಕೆ, ದೈನ್ಯ, ವಿಷಾದ, ಗರ್ವ ಮುಂತಾದ ಸಂಚಾರಿಗಳು ಬಂದು ಹೋಗುವಂಥವು. ಬಿಸಿಲಿನಲ್ಲಿ ನಡೆದು ಬಂದ ಆಯಾಸ, ಬೀಗ ಹಾಕಿದ ಮನೆಯನ್ನು ಕಂಡ ಬೇಸರ ಈ ಬಗೆಯವು. ಎರಡು, ಸ್ಥಾಯಿಯು ನೆಲೆನಿಂತದ್ದು. ‘ಈ ಕೇರಿಯವರು ಮಕ್ಕಳನ್ನು ಓದಿಸುವವರಲ್ಲ’ ಎಂಬ ಬಹುದಿನದ ಅಭಿಪ್ರಾಯದ ಅಡಿಯಲ್ಲಿ ಇಂಥ ಭಾವವಿರುತ್ತದೆ. ಆ ದಿನದ ಬೇಸರ ಈ ಹಳೆಯ ಅಭಿಪ್ರಾಯವನ್ನು ಪೋಷಿಸಿದಾಗ ಶಿಕ್ಷಕರಿಗೆ ತಾವು ಹೊಸದೊಂದನ್ನು ಕಂಡುಕೊಂಡಂತೆ ತೋರುತ್ತದೆ. ಅವರು ಕಂಡದ್ದು ಮೊದಲೇ ತಮ್ಮಲ್ಲಿದ್ದುದನ್ನು. ಮೂರು, ಭಾವಕ್ಕೆ ಅನುಭಾವವುಂಟು, ಅಂದರೆ ಹೊರಗೆ ತೋರುವ ಚಿಹ್ನೆಗಳು. ಹುಬ್ಬಿನ ಗಂಟು, ಗಡಿಯಾರದತ್ತ ನೋಟ, ಕೊಟ್ಟ ನೀರನ್ನು ಮುಟ್ಟದೆ ಇಡುವುದು ಇವುಗಳನ್ನು ಎದುರಿಗಿರುವ ಪಾಲಕರು ಓದಿಕೊಳ್ಳುತ್ತಾರೆ ಮತ್ತು ತಮ್ಮ ಉತ್ತರವನ್ನು ಅದಕ್ಕೆ ತಕ್ಕಂತೆ ಬದಲಿಸುತ್ತಾರೆ. ಹೀಗೆ ಸಂಶೋಧಕರ ಭಾವವು ದತ್ತಾಂಶವನ್ನೇ ರೂಪಿಸುತ್ತದೆ.

4. ಸಂಶೋಧನಾ ಶಾಸ್ತ್ರದಲ್ಲಿ ಈ ವಿಷಯ ಬೆಳೆದ ಬಗೆ

ಬಹುಕಾಲ ಸಂಶೋಧಕರು ತಮ್ಮ ಭಾವಗಳನ್ನು ಖಾಸಗಿ ಸಂಗತಿಯೆಂದು ಬದಿಗಿಟ್ಟಿದ್ದರು. ಈ ಮೌನ ಮುರಿದ ಮುಖ್ಯ ಘಟನೆ 1967ರಲ್ಲಿ ನಡೆಯಿತು. ಕ್ಷೇತ್ರಕಾರ್ಯ ಪದ್ಧತಿಯ ಆಚಾರ್ಯರೆನಿಸಿದ ಬ್ರೊನಿಸ್ಲಾ ಮಲಿನೋವ್‌ಸ್ಕಿಯವರು ನ್ಯೂಗಿನಿ ಮತ್ತು ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಬರೆದಿಟ್ಟಿದ್ದ ಖಾಸಗಿ ದಿನಚರಿ ಅವರ ಮರಣದ 25 ವರ್ಷಗಳ ನಂತರ ಪ್ರಕಟವಾಯಿತು. ಸ್ಥಳೀಯರ ದೃಷ್ಟಿಯಿಂದಲೇ ಅವರ ಬದುಕನ್ನು ನೋಡಬೇಕೆಂದು ಬೋಧಿಸಿದ ವಿದ್ವಾಂಸರು ಅದೇ ಸ್ಥಳೀಯರ ಬಗ್ಗೆ ಸಿಟ್ಟನ್ನೂ ತಿರಸ್ಕಾರವನ್ನೂ ಒಂಟಿತನದ ಸಂಕಟವನ್ನೂ ಆ ಪುಟಗಳಲ್ಲಿ ಬರೆದಿದ್ದರು. ಓದುಗರು ಬೆಚ್ಚಿದರು. ಅವರ ಪ್ರಕಟಿತ ಗ್ರಂಥಗಳಲ್ಲಿ ಈ ಭಾವಗಳ ಸುಳಿವು ಹೆಚ್ಚು ಇರಲಿಲ್ಲ.

ಅದೇ 1967ರಲ್ಲಿ ಜಾರ್ಜ್ ಡೆವರೋ ಅವರ ಗ್ರಂಥವೊಂದು ಪ್ರಕಟವಾಯಿತು. ಮನುಷ್ಯರನ್ನು ಅಧ್ಯಯನ ಮಾಡುವಾಗ ಅಧ್ಯಯನಕಾರರಲ್ಲಿ ಆತಂಕ ಹುಟ್ಟುತ್ತದೆ. ಆ ಆತಂಕವನ್ನು ತಗ್ಗಿಸಿಕೊಳ್ಳಲು ಅವರು ಕೆಲವೊಮ್ಮೆ ಸಂಶೋಧನಾ ವಿಧಾನವನ್ನೇ ಗುರಾಣಿಯಂತೆ ಹಿಡಿಯುತ್ತಾರೆ ಎಂಬುದು ಅವರ ವಾದದ ತಿರುಳು. ಶಾಲಾ ಅಧ್ಯಯನಗಳಿಗೆ ಈ ಮಾತು ಚೆನ್ನಾಗಿ ಅನ್ವಯಿಸುತ್ತದೆ. ತಾಯಿಯೊಬ್ಬಳು ಸಾಲದ ಕಥೆ ಹೇಳುತ್ತ ಕಣ್ಣೊರೆಸಿಕೊಂಡಾಗ ಶಿಕ್ಷಕರು ತಕ್ಷಣ ನಮೂನೆಯತ್ತ ತಲೆ ಬಗ್ಗಿಸಿ ‘ಮನೆಯಲ್ಲಿ ಒಟ್ಟು ಎಷ್ಟು ಜನ?’ ಎಂದು ಮುಂದಿನ ಪ್ರಶ್ನೆಗೆ ಹೋಗುವುದುಂಟು. ಅಲ್ಲಿ ನಮೂನೆಯು ಮಾಹಿತಿ ಸಂಗ್ರಹಿಸುವುದಕ್ಕಿಂತ ಶಿಕ್ಷಕರ ಮುಜುಗರವನ್ನು ಮರೆಮಾಡುವ ಕೆಲಸ ಮಾಡುತ್ತದೆ.

ಭಾವವು ತಿಳಿವಿಗೆ ದಾರಿಯಾದ ನಿದರ್ಶನವೂ ಇದೆ. ಜೀನ್ ಬ್ರಿಗ್ಸ್ ಅವರು 1960ರ ದಶಕದಲ್ಲಿ ಕೆನಡಾದ ಉತ್ತರ ಭಾಗದ ಒಂದು ಸಣ್ಣ ಇನ್ಯೂಟ್ ಗುಂಪಿನಲ್ಲಿ ಮನೆಮಗಳಂತೆ ವಾಸಿಸಿದರು. ಮೀನು ಹಿಡಿಯಲು ಬಂದ ಹೊರಗಿನವರು ಆ ಜನರ ದೋಣಿಯನ್ನು ಬಳಸಿ ಹಾಳುಮಾಡಿದಾಗ ಬ್ರಿಗ್ಸ್ ಸಿಟ್ಟಿನಿಂದ ಮಾತನಾಡಿದರು. ತಮ್ಮ ಪರವಾಗಿಯೇ ಆಡಿದ ಮಾತಾದರೂ ಆ ಗುಂಪಿನವರು ಅವರಿಂದ ದೂರ ಸರಿದರು, ಕಾರಣ ಅವರಲ್ಲಿ ಸಿಟ್ಟನ್ನು ತೋರುವುದು ದೊಡ್ಡ ಕುಂದು. ಆ ದೂರವನ್ನು ಅನುಭವಿಸಿದ ಮೇಲೆ ಬ್ರಿಗ್ಸ್ ಅವರಿಗೆ ಆ ಸಮಾಜದ ಭಾವನಿಯಮಗಳು ತಿಳಿದವು. 1970ರ ತಮ್ಮ ಗ್ರಂಥದಲ್ಲಿ ಅವರು ತಮ್ಮ ಸಿಟ್ಟನ್ನು ಮುಚ್ಚಿಡದೆ ಅದನ್ನೇ ಸಾಕ್ಷ್ಯವಾಗಿ ಬಳಸಿದರು.

5. ಕನ್ನಡ ನಾಡಿನ ನಿದರ್ಶನ: ಎಂ. ಎನ್. ಶ್ರೀನಿವಾಸ್ ಮತ್ತು ರಾಮಪುರ

ಮೈಸೂರಿನಲ್ಲಿ 1916ರಲ್ಲಿ ಜನಿಸಿದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ವಾಸಿಸಿ ಅಧ್ಯಯನ ನಡೆಸಿದರು. ತಮ್ಮ ಬರಹಗಳಲ್ಲಿ ಅದಕ್ಕೆ ‘ರಾಮಪುರ’ ಎಂಬ ಗುಪ್ತನಾಮವನ್ನು ಕೊಟ್ಟರು. 1952ರಲ್ಲಿ ಮತ್ತೆ ಅಲ್ಲಿಗೆ ಹೋದರು. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫೋರ್ಡ್‌ನ ಅಧ್ಯಯನ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿ ಹಚ್ಚಿದಾಗ ಅವರು ವರ್ಷಗಟ್ಟಲೆ ಸಂಸ್ಕರಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ನಾಶವಾದವು. ಅವರು ಎದೆಗುಂದದೆ ನೆನಪಿನ ಆಧಾರದ ಮೇಲೆ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಪ್ರಕಟವಾಯಿತು.

ಈ ಗ್ರಂಥದಿಂದ ಶಿಕ್ಷಕರು ಗ್ರಹಿಸಬೇಕಾದ ಅಂಶಗಳು ಮೂರು.

(ಅ) ವಾಸಸ್ಥಳವು ದೃಷ್ಟಿಯನ್ನು ನಿರ್ಧರಿಸುತ್ತದೆ. ಶ್ರೀನಿವಾಸ್ ಅವರು ತಂಗಿದ್ದು ಊರಿನ ಮುಖಂಡನಿಗೆ ಸೇರಿದ, ಎತ್ತುಗಳನ್ನು ಕಟ್ಟುವ ಮನೆಯಲ್ಲಿ. ಊರವರು ಅವರನ್ನು ಮುಖಂಡನ ಅತಿಥಿಯೆಂದೂ ಬ್ರಾಹ್ಮಣರೆಂದೂ ಕಂಡರು ಮತ್ತು ಆ ಸ್ಥಾನಕ್ಕೆ ತಕ್ಕ ನಡವಳಿಕೆಯನ್ನು ನಿರೀಕ್ಷಿಸಿದರು. ಇದರಿಂದ ಕೆಲವರ ಒಡನಾಟ ಸುಲಭವಾಯಿತು, ಕೆಲವರ ಒಡನಾಟ ಕಷ್ಟವಾಯಿತು. ಈ ಮಿತಿಯನ್ನು ಅವರು ಓದುಗರಿಂದ ಮರೆಮಾಡಲಿಲ್ಲ.

(ಆ) ಸಹಭಾಗಿಗಳ ಬಗೆಗಿನ ಭಾವವು ಮಿಶ್ರವಾಗಿರುತ್ತದೆ. ಹಳ್ಳಿಗರ ಆತ್ಮೀಯತೆಯನ್ನು ಸ್ಮರಿಸುವ ಅದೇ ಪುಸ್ತಕದಲ್ಲಿ ಏಕಾಂತವೇ ದೊರೆಯದ ಕಷ್ಟವೂ ದಾಖಲಾಗಿದೆ. ಮೆಚ್ಚಿದವರಿಂದಲೇ ಬೇಸರವೂ ಆಗಬಹುದು. ಎರಡನ್ನೂ ಬರೆದಾಗ ಚಿತ್ರ ಪೂರ್ಣವಾಗುತ್ತದೆ.

(ಇ) ‘ನಮ್ಮವರು’ ಎಂಬ ಭಾವವನ್ನು ಪರೀಕ್ಷಿಸಬೇಕು. ತನ್ನದೇ ಸಮಾಜವನ್ನು ಅಧ್ಯಯನ ಮಾಡುವವರು ಪರರಲ್ಲಿ ತಮ್ಮನ್ನೇ ಕಾಣುತ್ತಾರೆ ಎಂಬ ವಿಚಾರವನ್ನು ಶ್ರೀನಿವಾಸ್ ಅವರು ಮುಂದೆ ಬೆಳೆಸಿದರು. ಗಡಿನಾಡಿನ ಶಿಕ್ಷಕರಿಗೆ ಇದು ಅತ್ಯಂತ ಹತ್ತಿರದ ಮಾತು. ಕನ್ನಡ ಶಿಕ್ಷಕರು ಕನ್ನಡದ ಮನೆಗೆ ಹೋದಾಗ ಭಾಷೆ ಒಂದೇ ಎಂಬ ಕಾರಣದಿಂದ ಎಲ್ಲವೂ ಒಂದೇ ಎಂದು ಭಾವಿಸುತ್ತಾರೆ. ತಿಂಗಳ ಸಂಬಳವಿರುವ ಮನೆಯ ಕನ್ನಡಕ್ಕೂ ದಿನಗೂಲಿಯ ಮನೆಯ ಕನ್ನಡಕ್ಕೂ ಬದುಕಿನಲ್ಲಿ ಬೇರೆ ಬೇರೆ ಕೆಲಸಗಳಿರುತ್ತವೆ ಎಂಬುದು ಆಗ ಮರೆತುಹೋಗುತ್ತದೆ.

6. ಗಡಿನಾಡಿನ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಎದುರಾಗುವ ಭಾವಗಳು

6.1 ಕನಿಕರ. ಬಡತನವನ್ನು ಕಂಡಾಗ ಕನಿಕರ ಮೂಡುವುದು ಸಜ್ಜನಿಕೆಯ ಲಕ್ಷಣ. ಆದರೆ ಕನಿಕರವು ಎದುರಿಗಿರುವವರನ್ನು ಕೇವಲ ಪಡೆಯುವವರನ್ನಾಗಿ ಕಾಣಿಸುತ್ತದೆ. ಕನಿಕರಪಟ್ಟ ಶಿಕ್ಷಕರು ಕಷ್ಟಗಳ ಪಟ್ಟಿಯನ್ನು ತರುತ್ತಾರೆ. ಆ ಮನೆಯವರ ಜಾಣ್ಮೆ, ಲೆಕ್ಕಾಚಾರ, ಯೋಜನೆಗಳನ್ನು ಕೇಳಿ ಬರುವುದಿಲ್ಲ.

6.2 ಮನನೊಂದ ಅಸಮಾಧಾನ. ಹಿಂದೂಪುರದ ಮಾರುಕಟ್ಟೆಯಲ್ಲಿ ಕೂಲಿ ಮಾಡುವ ಕನ್ನಡದ ತಂದೆಯೊಬ್ಬರು 2ನೇ ತರಗತಿಯ ನಂತರ ಮಗಳನ್ನು ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗೆ ಸೇರಿಸಿದರೆಂದು ಊಹಿಸಿಕೊಳ್ಳೋಣ. ಕಾರಣ ತಿಳಿಯಲು ಹೋದ ಕನ್ನಡ ಶಿಕ್ಷಕರ ಮೊದಲ ಪ್ರಶ್ನೆ ‘ಮಾತೃಭಾಷೆಯ ಮೇಲೆ ಅಭಿಮಾನ ಬೇಡವೇ?’ ಎಂದಾದರೆ ಅದು ಪ್ರಶ್ನೆಯ ವೇಷದಲ್ಲಿರುವ ಆಪಾದನೆ. ತಂದೆ ತಲೆ ತಗ್ಗಿಸಿ ‘ತಪ್ಪಾಯ್ತು ಮೇಷ್ಟ್ರೇ’ ಎನ್ನಬಹುದು. ಅದರಿಂದ ಯಾವ ಮಾಹಿತಿಯೂ ದೊರೆಯದು. ‘ಶಾಲೆ ಬದಲಿಸೋಣ ಎಂದು ಮನೆಯಲ್ಲಿ ಮೊದಲು ಹೇಳಿದವರು ಯಾರು? ಆಗ ಏನೇನು ಮಾತಾಯಿತು?’ ಎಂದು ಕೇಳಿದರೆ ಉದ್ಯೋಗದ ಚಿಂತೆ, ನೆರೆಮನೆಯ ಮಗುವಿನೊಡನೆ ಹೋಲಿಕೆ, ಮನೆ ಬಾಗಿಲಿಗೆ ಬರುವ ವಾಹನದ ಅನುಕೂಲ, ಕನ್ನಡದಲ್ಲಿ ಓದಿದರೆ ಮುಂದಿನ ತರಗತಿಗಳಿಗೆ ಎಲ್ಲಿ ಸೇರಿಸುವುದೆಂಬ ಗೊಂದಲ ಮುಂತಾದವುಗಳಲ್ಲಿ ನಿಜವಾದ ಕಾರಣ ಹೊರಬರುತ್ತದೆ.

6.3 ಭಾಷಾಶುದ್ಧಿಯ ಸಿಡಿಮಿಡಿ. ತೆಲುಗಿನಲ್ಲಿ ‘ಬಡಿ’ ಎಂದರೆ ಶಾಲೆ. ‘ಬಡಿಗೆ ಹೋಗಲ್ಲ’ ಎಂದು ಮಗು ಹೇಳಿದಾಗ ಕನ್ನಡ ಮಾತ್ರ ಬಲ್ಲವರ ಕಿವಿಗೆ ಕೋಲೇ ಕೇಳಿಸುತ್ತದೆ. ಕೆಲವರಿಗೆ ನಗು ಬರುತ್ತದೆ, ಕೆಲವರಿಗೆ ಕಿರಿಕಿರಿಯಾಗುತ್ತದೆ. ಮಗುವಿನ ಮಾತನ್ನು ತಿದ್ದಲು ಹೊರಟರೆ ಅದು ಏಕೆ ಹೋಗಲಾರದು ಎಂಬ ಮುಖ್ಯ ಸಂಗತಿ ಕೈತಪ್ಪುತ್ತದೆ. ವರದಿಯಲ್ಲಿ ‘ಅಶುದ್ಧ ಭಾಷೆ’ ಎಂದು ಬರೆಯುವುದು ಶಿಕ್ಷಕರ ಕಿರಿಕಿರಿಯ ದಾಖಲೆ. ‘ಎರಡು ಭಾಷೆಗಳ ಪದಗಳನ್ನು ಬಳಸಿತು’ ಎಂದು ಬರೆಯುವುದು ಮಗುವಿನ ಮಾತಿನ ದಾಖಲೆ.

6.4 ಮೆಚ್ಚುಗೆ. ಆದರದಿಂದ ಕರೆದು ಕೂರಿಸಿ, ಶುದ್ಧ ಕನ್ನಡದಲ್ಲಿ ಮಾತನಾಡಿ, ಶಾಲೆಯನ್ನು ಹೊಗಳಿದ ಮನೆಯ ಬಗ್ಗೆ ಶಿಕ್ಷಕರಿಗೆ ಪ್ರೀತಿ ಹುಟ್ಟುತ್ತದೆ. ಇಂತಹ ಮನೆಯಲ್ಲಿ ಕಠಿಣ ಪ್ರಶ್ನೆಗಳು ನಾಲಿಗೆಯಲ್ಲೇ ಉಳಿಯುತ್ತವೆ. ಹಿತವಾದ ಭಾವವೂ ಅಹಿತವಾದ ಭಾವದಷ್ಟೇ ದೃಷ್ಟಿಯನ್ನು ಮಸುಕಾಗಿಸಬಲ್ಲದು.

6.5 ಭಯ. ಶಾಲೆಯ ಉಳಿವಿನ ಚಿಂತೆ ಹಲವು ಸಂದರ್ಶನಗಳ ಅಡಿಯಲ್ಲಿ ಮೌನವಾಗಿ ಕುಳಿತಿರುತ್ತದೆ. ಅದು ಒಮ್ಮೆ ಸಿಟ್ಟಿನ ರೂಪದಲ್ಲಿ, ಒಮ್ಮೆ ಉಪದೇಶದ ರೂಪದಲ್ಲಿ ಹೊರಬರುತ್ತದೆ. ‘ಈ ಮನೆಯವರ ಮೇಲೆ ಇಷ್ಟು ಸಿಟ್ಟು ಏಕೆ?’ ಎಂಬ ಪ್ರಶ್ನೆಗೆ ‘ಹಾಜರಿ ಪಟ್ಟಿಯಿಂದ ಒಂದು ಹೆಸರು ಹೋಯಿತು’ ಎಂಬುದೇ ಪ್ರಾಮಾಣಿಕ ಉತ್ತರವಾಗಿರಬಹುದು.

7. ವರದಿಯಲ್ಲಿ ಭಾವ ಅವಿತುಕೊಳ್ಳುವ ಬಗೆ: ಒಂದು ಅಭ್ಯಾಸ ನಿದರ್ಶನ

ಮುಂದಿನ ನಿದರ್ಶನವನ್ನು ಅಭ್ಯಾಸಕ್ಕಾಗಿಯೇ ರಚಿಸಲಾಗಿದೆ. ಕಲ್ಯಾಣದುರ್ಗದ ಕಡೆಯ ಹಳ್ಳಿಯೊಂದರ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಯ 4ನೇ ತರಗತಿಯ ಬಾಲಕ ಕಡಲೆಕಾಯಿ ಸುಗ್ಗಿ ಮುಗಿದ ಮೇಲೆ ಮೂರು ತಿಂಗಳು ಶಾಲೆಗೆ ಬರಲಿಲ್ಲ. ಶಿಕ್ಷಕಿಯೊಬ್ಬರು ವ್ಯಕ್ತಿ ಅಧ್ಯಯನಕ್ಕೆ ಅವನನ್ನು ಆರಿಸಿಕೊಂಡರು. ಎರಡು ಸಲ ಹೋದಾಗ ಮನೆಗೆ ಬೀಗವಿತ್ತು. ಮೂರನೆಯ ಸಲ ತಾಯಿ ಸಿಕ್ಕಳು. ಆಕೆ ಕೈಕೆಲಸ ಬಿಡದೆಯೇ ಉತ್ತರಿಸಿದಳು. ಶಿಕ್ಷಕಿಯ ವರದಿಯ ಮೊದಲ ರೂಪ ಹೀಗಿತ್ತು:

‘ಪಾಲಕರು ಅನಕ್ಷರಸ್ಥರು. ಮಗುವಿನ ಶಿಕ್ಷಣದ ಬಗ್ಗೆ ಸಂಪೂರ್ಣ ನಿರ್ಲಕ್ಷ್ಯ ಹೊಂದಿದ್ದಾರೆ. ಶಿಕ್ಷಕರೊಡನೆ ಸಹಕರಿಸುವ ಮನೋಭಾವವಿಲ್ಲ. ಪಾಲಕರಲ್ಲಿ ಜಾಗೃತಿ ಮೂಡಿಸುವುದು ಅಗತ್ಯ.’

ಈ ನಾಲ್ಕು ವಾಕ್ಯಗಳಲ್ಲಿ ತಾಯಿ ಆಡಿದ ಒಂದು ಮಾತೂ ಇಲ್ಲ. ‘ಸಂಪೂರ್ಣ’, ‘ನಿರ್ಲಕ್ಷ್ಯ’, ‘ಸಹಕರಿಸುವ ಮನೋಭಾವವಿಲ್ಲ’ ಎಂಬ ಪದಗಳು ಬೀಗ ಹಾಕಿದ ಬಾಗಿಲಿನ ಮುಂದೆ ಎರಡು ದಿನ ನಿಂತ ಬೇಸರದಿಂದ ಬಂದವು. ಅದೇ ಭೇಟಿಯನ್ನು ನಾಲ್ಕು ಶೀರ್ಷಿಕೆಗಳಡಿ ಮತ್ತೆ ಬರೆಯಲು ಹೇಳಿದಾಗ ಟಿಪ್ಪಣಿ ಹೀಗಾಯಿತು:

ಕಂಡದ್ದು: ತಾಯಿ ಹುಣಿಸೆಹಣ್ಣು ಬಿಡಿಸುತ್ತಿದ್ದಳು. ಪಕ್ಕದಲ್ಲಿ ಇನ್ನೂ ಎರಡು ಚೀಲಗಳಿದ್ದವು. ಬಾಲಕನ ಪುಸ್ತಕಗಳು ಗೂಡಿನಲ್ಲಿ ಬಟ್ಟೆ ಸುತ್ತಿ ಇಡಲ್ಪಟ್ಟಿದ್ದವು.

ಕಿವಿಗೆ ಬಿದ್ದ ಮಾತು: ‘ಮಳೆ ಇಲ್ಲ, ಬೆಳೆ ಇಲ್ಲ, ಬೆಂಗ್ಳೂರಿಗೆ ಹೋಗ್ದಿದ್ರೆ ಹೆಂಗೆ ಟೀಚರಮ್ಮ?’ ‘ಅಲ್ಲಿ ಇವ್ನೇ ನಮ್ಗೆ ಬಸ್ಸಿನ ಬೋರ್ಡು ಓದಿ ಹೇಳೋದು.’

ಅನಿಸಿದ್ದು: ಎದ್ದು ನಿಂತು ಮಾತನಾಡಲಿಲ್ಲವೆಂದು ಅವಮಾನವೆನಿಸಿತು. ಮತ್ತೆ ಬಂದದ್ದು ವ್ಯರ್ಥವೆನಿಸಿತು. ಬೋರ್ಡಿನ ಮಾತು ಬಂದಾಗ ಗಮನ ಅಲ್ಲಿರಲಿಲ್ಲ.

ಕೇಳದೆ ಉಳಿದದ್ದು: ಚೀಲಕ್ಕೆ ಎಷ್ಟು ಕೂಲಿ? ಬೆಂಗಳೂರಿನಲ್ಲಿ ಬಾಲಕ ದಿನವಿಡೀ ಏನು ಮಾಡುತ್ತಿದ್ದ? ಅಲ್ಲಿ ಯಾವುದಾದರೂ ಶಾಲೆಗೆ ಹೋದನೇ? ಪುಸ್ತಕಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟವರು ಯಾರು?

ಎರಡನೆಯ ಟಿಪ್ಪಣಿಯಲ್ಲಿ ಹೊಸ ಭೇಟಿಯೇನೂ ನಡೆದಿಲ್ಲ. ಮೊದಲ ಭೇಟಿಯಲ್ಲಿಯೇ ಲಭ್ಯವಿದ್ದುದು ಈಗ ಕಾಣಿಸಿತು. ಕೈಕೆಲಸ ಬಿಡದೆ ಮಾತನಾಡಿದ್ದು ಅಸಹಕಾರವಲ್ಲ. ಚೀಲದ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಕೆಲಸ ನಿಲ್ಲಿಸಿದರೆ ನಷ್ಟವಾಗಬಹುದೆಂಬ ಊಹೆಗೆ ಈಗ ಅವಕಾಶವಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಈ ಕುಟುಂಬಕ್ಕೆ ಕನ್ನಡದ ಓದು ಬೆಂಗಳೂರಿನ ದುಡಿಮೆಯ ದಾರಿಯಲ್ಲಿ ನಿತ್ಯವೂ ಬೇಕಾದ ಬಲವಾಗಿದೆ. ಕನ್ನಡ ಶಾಲೆಯ ಪರವಾಗಿ ಪಾಲಕರೊಡನೆ ಆಡಬಹುದಾದ ಅತ್ಯಂತ ಸಮರ್ಥವಾದ ಮಾತನ್ನು ಆ ತಾಯಿಯೇ ಆಡಿದ್ದಳು. ಮೊದಲ ವರದಿ ಅದನ್ನು ಕಳೆದುಕೊಂಡಿತ್ತು.

ಪರಿಹಾರವೂ ಬದಲಾಗುತ್ತದೆ. ‘ಪಾಲಕರ ಜಾಗೃತಿ’ ಎಂಬ ಶಿಫಾರಸಿಗೆ ಬದಲಾಗಿ, ಗುಳೆಯ ಮೊದಲು ಮಗುವಿಗೆ ಓದಿನ ಸಾಮಗ್ರಿಯನ್ನು ಕೊಟ್ಟು ಕಳುಹಿಸುವುದು, ಹೋಗುವ ಸ್ಥಳದ ಸಮೀಪದ ಶಾಲೆಯ ಮಾಹಿತಿ ನೀಡುವುದು, ಮರಳಿದ ಮೇಲೆ ಪೂರಕ ಬೋಧನೆ ನಡೆಸುವುದು ಎಂಬ ಕಾರ್ಯಯೋಜನೆ ರೂಪುಗೊಳ್ಳುತ್ತದೆ.

8. ಭಾವಗಳನ್ನು ದಾಖಲಿಸುವ ಕ್ರಮ

8.1 ಹೊರಡುವ ಮೊದಲು: ಆ ಮನೆಯ ಬಗ್ಗೆ ಈಗಾಗಲೇ ಇರುವ ಅಭಿಪ್ರಾಯವನ್ನು ಎರಡು ವಾಕ್ಯಗಳಲ್ಲಿ ಬರೆಯಬೇಕು. ಯಾರಿಂದ ಕೇಳಿದ್ದು ಎಂಬುದನ್ನೂ ಬರೆಯಬೇಕು.

8.2 ಸಂದರ್ಶನದ ವೇಳೆಯಲ್ಲಿ: ಭಾವ ತೀವ್ರವಾದಾಗ ಉಪದೇಶಿಸದೆ, ವಾದಿಸದೆ, ಒಂದು ಕ್ಷಣ ಸುಮ್ಮನಿರಬೇಕು. ಪಾಲಕರು ಕಣ್ಣೀರಿಟ್ಟರೆ ಮುಂದಿನ ಪ್ರಶ್ನೆಗೆ ಅವಸರ ಬೇಡ. ‘ಈ ವಿಷಯ ಇಂದಿಗೆ ಸಾಕೆನಿಸಿದರೆ ಬಿಡೋಣ’ ಎಂದು ಹೇಳಿ, ಮುಂದುವರಿಯುವ ಅಥವಾ ನಿಲ್ಲಿಸುವ ಆಯ್ಕೆಯನ್ನು ಅವರಿಗೇ ಕೊಡಬೇಕು.

8.3 ಅದೇ ದಿನ: ಮೇಲಿನ ನಾಲ್ಕು ಶೀರ್ಷಿಕೆಗಳಡಿ ಟಿಪ್ಪಣಿ ಬರೆಯಬೇಕು. ಸಹಭಾಗಿಗಳ ಮಾತನ್ನು ಅವರ ನುಡಿಯಲ್ಲಿಯೇ ಬರೆಯಬೇಕು. ಗ್ರಾಂಥಿಕ ಕನ್ನಡಕ್ಕೆ ತಿದ್ದಬಾರದು. ‘ಅನಿಸಿದ್ದು’ ಎಂಬಲ್ಲಿ ಭಾವಕ್ಕೆ ನೇರ ಹೆಸರು ಕೊಡಬೇಕು. ‘ಒಂದು ರೀತಿಯಾಯಿತು’ ಎಂಬುದು ಸಾಲದು.

8.4 ವಾರದ ನಂತರ: ಟಿಪ್ಪಣಿಯನ್ನು ಮತ್ತೆ ಓದಿ ‘ಈ ಭಾವದಿಂದಾಗಿ ಯಾವ ಪ್ರಶ್ನೆ ಕೇಳಲಿಲ್ಲ? ಯಾವ ಮಾತು ಕಿವಿಗೆ ಬೀಳಲಿಲ್ಲ?’ ಎಂದು ವಿಚಾರಿಸಿಕೊಳ್ಳಬೇಕು. ಉತ್ತರವೇ ಮುಂದಿನ ಭೇಟಿಯ ಪ್ರಶ್ನೆಗಳ ಪಟ್ಟಿ.

8.5 ವರದಿ ಬರೆಯುವಾಗ: ಪ್ರತಿಯೊಂದು ವಿಶೇಷಣದ ಕೆಳಗೆ ಗೆರೆ ಎಳೆದು, ಅದಕ್ಕೆ ಆಧಾರ ಕಂಡದ್ದರಲ್ಲಿದೆಯೋ, ಕೇಳಿದ ಮಾತಿನಲ್ಲಿದೆಯೋ, ಅನಿಸಿದ್ದರಲ್ಲಿದೆಯೋ ಎಂದು ಗುರುತಿಸಬೇಕು. ಅನಿಸಿದ್ದರಲ್ಲಿ ಮಾತ್ರ ಆಧಾರವಿರುವ ಪದವನ್ನು ತೆಗೆಯಬೇಕು.

9. ಎಚ್ಚರಿಕೆಗಳು

ಭಾವಗಳ ದಾಖಲೆ ಶಿಕ್ಷಕರ ಸ್ವಂತ ಉಪಯೋಗಕ್ಕೆ. ಅದನ್ನು ಯಥಾವತ್ತಾಗಿ ವರದಿಯಲ್ಲಿ ಸೇರಿಸುವುದು ಸಲ್ಲದು. ವರದಿಯಲ್ಲಿ ಸಂಶೋಧಕರ ಸ್ಥಾನವನ್ನು ತಿಳಿಸುವ ನಾಲ್ಕಾರು ವಾಕ್ಯಗಳು ಸಾಕು; ವರದಿಯು ಶಿಕ್ಷಕರ ಆತ್ಮಕಥೆಯಾದರೆ ಮಗು ಮತ್ತೆ ಮರೆಯಾಗುತ್ತದೆ. ಟಿಪ್ಪಣಿಯಲ್ಲಿ ಮನೆಯವರ ನಿಜವಾದ ಹೆಸರುಗಳನ್ನು ಬಳಸಬಾರದು. ಸಣ್ಣ ಹಳ್ಳಿಯಲ್ಲಿ ವೃತ್ತಿ, ಕೇರಿ, ಮಕ್ಕಳ ಸಂಖ್ಯೆ ಇವುಗಳಿಂದಲೇ ಮನೆಯ ಗುರುತು ಸಿಗುವುದರಿಂದ ಅಂತಹ ವಿವರಗಳ ಬಗ್ಗೆಯೂ ಎಚ್ಚರವಿರಬೇಕು. ಮನೆಯಲ್ಲಿ ಕೇಳಿದ ಮಾತನ್ನು ಶಿಕ್ಷಕರ ಕೊಠಡಿಯಲ್ಲಿ ಹಂಚಿಕೊಳ್ಳುವುದು ನಂಬಿಕೆಗೆ ದ್ರೋಹ.

ಗೋಪ್ಯತೆಗೂ ಒಂದು ಮಿತಿಯುಂಟು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದುಬಂದರೆ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸುವುದು ಕಡ್ಡಾಯ. ಸಂಕಟದಲ್ಲಿರುವ ಮಗುವಿಗಾಗಿ 1098 ಮಕ್ಕಳ ಸಹಾಯವಾಣಿಯನ್ನು ಬಳಸಬಹುದು. ಇಂತಹ ಸಂದರ್ಭದಲ್ಲಿ ಶಿಕ್ಷಕರಲ್ಲಿ ಹುಟ್ಟುವ ಭಯ, ಸಿಟ್ಟು, ಅಸಹಾಯಕತೆ ತೀವ್ರವಾಗಿರುತ್ತವೆ. ಮಗುವಿನ ಗುರುತನ್ನು ಹೇಳದೆ ಅನುಭವಿ ಸಹೋದ್ಯೋಗಿಯೊಡನೆ ಅಥವಾ ಮಾರ್ಗದರ್ಶಕರೊಡನೆ ತಮ್ಮ ಮನಃಸ್ಥಿತಿಯನ್ನು ಹಂಚಿಕೊಳ್ಳುವುದು ದೌರ್ಬಲ್ಯವಲ್ಲ, ವೃತ್ತಿಧರ್ಮ.

10. ಸಾರಾಂಶ

ಗುಣಾತ್ಮಕ ಅಧ್ಯಯನದಲ್ಲಿ ಸಂಶೋಧಕರ ಭಾವವನ್ನು ತೆಗೆದುಹಾಕಲಾಗದು. ಗುರುತಿಸಿ, ಹೆಸರಿಸಿ, ಬೇರೆಯಾಗಿ ಬರೆದಿಡಬಹುದು. ಹಾಗೆ ಬರೆದಿಟ್ಟ ಭಾವವು ಕೇಳದೆ ಉಳಿದ ಪ್ರಶ್ನೆಗಳತ್ತ ಬೊಟ್ಟು ಮಾಡುತ್ತದೆ. ಬರೆಯದೆ ಬಿಟ್ಟ ಭಾವವು ಸಹಭಾಗಿಗಳ ಗುಣದೋಷವೆಂಬ ರೂಪದಲ್ಲಿ ವರದಿಯನ್ನು ಸೇರುತ್ತದೆ. ಗಡಿನಾಡಿನ ಕನ್ನಡ ಶಿಕ್ಷಕರಿಗೆ ‘ನಮ್ಮವರು’ ಎಂಬ ಭಾವವೇ ಅತ್ಯಂತ ಪ್ರಬಲವಾದುದು. ಆದ್ದರಿಂದ ಮೊದಲು ಪರೀಕ್ಷಿಸಬೇಕಾದುದೂ ಅದೇ.

ಚಟುವಟಿಕೆಗಳು

1. ತಮ್ಮ ಶಾಲೆಯ ಹಿಂದಿನ ವ್ಯಕ್ತಿ ಅಧ್ಯಯನದ ಒಂದು ವರದಿಯನ್ನು ಆರಿಸಿಕೊಂಡು, ಪಾಲಕರ ಬಗ್ಗೆ ಬಳಸಿದ ವಿಶೇಷಣಗಳನ್ನು ಪಟ್ಟಿಮಾಡಿ. ಪ್ರತಿಯೊಂದಕ್ಕೂ ಆಧಾರವನ್ನು ಗುರುತಿಸಿ.
2. ಇಬ್ಬರು ಶಿಕ್ಷಕರು ಜೊತೆಗೂಡಿ ಒಂದೇ ಮನೆಗೆ ಭೇಟಿ ನೀಡಿ, ನಾಲ್ಕು ಶೀರ್ಷಿಕೆಗಳಡಿ ಪ್ರತ್ಯೇಕವಾಗಿ ಟಿಪ್ಪಣಿ ಬರೆದು ಹೋಲಿಸಿ. ‘ಅನಿಸಿದ್ದು’ ಬೇರೆಯಾದಲ್ಲಿ ‘ಕಂಡದ್ದು’ ಕೂಡ ಬೇರೆಯಾಗಿದೆಯೇ ನೋಡಿ.
3. ಕನ್ನಡ ಮಾಧ್ಯಮವನ್ನು ಬಿಟ್ಟುಹೋದ ಒಂದು ಮಗುವಿನ ಪಾಲಕರಿಗಾಗಿ, ಆಪಾದನೆಯ ಧ್ವನಿಯಿಲ್ಲದ ಐದು ಪ್ರಶ್ನೆಗಳನ್ನು ರಚಿಸಿ.

ಚಿಂತನೆಗೆ ಪ್ರಶ್ನೆಗಳು

1. ಸಂಚಾರಿ ಮತ್ತು ಸ್ಥಾಯಿ ಎಂಬ ವಿಂಗಡಣೆ ಸಂಶೋಧಕರ ಭಾವಗಳಿಗೆ ಹೇಗೆ ಅನ್ವಯಿಸುತ್ತದೆ? ಸ್ವಂತ ಕ್ಷೇತ್ರಕಾರ್ಯದಿಂದ ಒಂದೊಂದು ಉದಾಹರಣೆ ಕೊಡಿ.
2. ಶ್ರೀನಿವಾಸ್ ಅವರು ರಾಮಪುರದ ಬೇರೊಂದು ಕೇರಿಯಲ್ಲಿ ತಂಗಿದ್ದರೆ ಅವರ ಅಧ್ಯಯನ ಯಾವ ರೀತಿಯಲ್ಲಿ ಬೇರೆಯಾಗುತ್ತಿತ್ತು? ಚರ್ಚಿಸಿ.
3. ಶಾಲೆಯ ಉಳಿವಿನ ಬಗ್ಗೆ ಶಿಕ್ಷಕರಿಗಿರುವ ಭಯವನ್ನು ವರದಿಯಲ್ಲಿ ತಿಳಿಸಬೇಕೇ? ತಿಳಿಸುವುದಾದರೆ ಎಷ್ಟು, ಯಾವ ಮಾತುಗಳಲ್ಲಿ?